ಫೋರ್ಸೈತ್ ಕೌಂಟಿಯಿಂದ ಜ್ಯೂರಿ ಸಮನ್ಸ್ ಬಂದಿದೆ. ಇಲ್ಲಿಯ 1912ರ ಕೇಸು ಯಾರಿಗಾದರೂ ಗೊತ್ತಾ?

ಕಮಿಂಗ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಸಿಟಿಜನ್ ಆದ ಮೇಲೆ ಮೊದಲ ಸಲ ಜ್ಯೂರಿ ಸಮನ್ಸ್ ಬಂದಿದೆ, ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿಗೆ ಕರೆ. ಜಾರ್ಜಿಯಾದ ಫೋರ್ಸೈತ್ ಕೌಂಟಿ, ಕಮಿಂಗ್ ಊರಿನ ಕೋರ್ಟು. ಯಾರಿಗೆ ಹೇಳಿದರೂ ತಪ್ಪಿಸಿಕೊಳ್ಳುವ ಉಪಾಯವನ್ನೇ ಹೇಳಿಕೊಡುತ್ತಾರೆ. ನನಗೆ ಹೋಗಬೇಕು ಅಂತಲೇ ಇದೆ.

ಹೋಗುವ ಮುಂಚೆ ಆ ಕೋರ್ಟಿನ ಬಗ್ಗೆ ಸ್ವಲ್ಪ ಓದೋಣ ಅಂತ ಕೂತೆ. 1912ರ ಕಥೆ ಸಿಕ್ಕಿತು. ಆ ಸೆಪ್ಟೆಂಬರಿನಲ್ಲಿ ಇಲ್ಲಿ ಒಬ್ಬ ಬಿಳಿಯ ಯುವತಿಯ ಮೇಲೆ ಹಲ್ಲೆ ನಡೆದು ಆಕೆ ತೀರಿಕೊಂಡಳು. ಪೊಲೀಸರು ಹಿಡಿದ ಕಪ್ಪು ಜನರಲ್ಲಿ ರಾಬ್ ಎಡ್ವರ್ಡ್ಸ್ ಎಂಬಾತನನ್ನು ಗುಂಪೊಂದು ಜೈಲಿಗೇ ನುಗ್ಗಿ ಕೊಂದು, ಊರ ಚೌಕದ ಕಂಬಕ್ಕೆ ನೇತುಹಾಕಿತು. ಅರ್ನೆಸ್ಟ್ ನಾಕ್ಸ್‌ಗೆ 16 ವರ್ಷ, ಆಸ್ಕರ್ ಡೇನಿಯಲ್‌ಗೆ 18. ಇಬ್ಬರ ವಿಚಾರಣೆಯೂ ಒಂದೇ ದಿನದಲ್ಲಿ ಶುರುವಾಗಿ ಮುಗಿಯಿತು. ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯ ಗಂಡಸರು. ಅಕ್ಟೋಬರ್ 25ಕ್ಕೆ ಸಾವಿರಾರು ಜನರ ಮುಂದೆ ಇಬ್ಬರಿಗೂ ಗಲ್ಲು. ಅದೇ ಹೊತ್ತಿಗೆ ರಾತ್ರಿ ಕುದುರೆ ಮೇಲೆ ಬಂದ ಗುಂಪುಗಳು ಮನೆ, ಚರ್ಚುಗಳಿಗೆ ಬೆಂಕಿ ಇಟ್ಟು, ಕೌಂಟಿಯಲ್ಲಿದ್ದ ಸಾವಿರಕ್ಕೂ ಹೆಚ್ಚು ಕಪ್ಪು ಜನರನ್ನು ಓಡಿಸಿದವು. 1987ರ ಜನವರಿಯಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಹೊಸೇಯ ವಿಲಿಯಮ್ಸ್ ಇಲ್ಲಿ ಮೆರವಣಿಗೆ ಮಾಡಿದಾಗಲೂ ಕಲ್ಲು ತೂರಿದರಂತೆ. ಮುಂದಿನ ವಾರ ಸುಮಾರು 20,000 ಜನ ಬಂದು ನಡೆದರು.

ಈಗ ಇದೇ ಕೌಂಟಿಯಲ್ಲಿ ಇಡ್ಲಿ ಹಿಟ್ಟಿಗೆ ಬರವಿಲ್ಲ, ಗಣೇಶನ ಹಬ್ಬಕ್ಕೆ ಪಾರ್ಕಿಂಗ್ ಸಿಗುವುದಿಲ್ಲ. ಮನೆ ಕೊಳ್ಳುವಾಗ ಎಲ್ಲರೂ ಶಾಲೆಯ ರೇಟಿಂಗ್ ಬಗ್ಗೆ ಹೇಳಿದರು. ಇದನ್ನು ಯಾರೂ ಹೇಳಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಈಗ ಜ್ಯೂರಿಯನ್ನು ಹೇಗೆ ಆರಿಸುತ್ತಾರೆ? ಆ ಆಯ್ಕೆಯಲ್ಲಿ ಬಣ್ಣದ ಆಟ ಇನ್ನೂ ಇದೆಯಾ? ನಮ್ಮಂಥವರು ಹೋಗಿ ಕೂತರೆ ಏನಾದರೂ ವ್ಯತ್ಯಾಸ ಆಗುತ್ತದಾ?

ಹೊಳೆದಂಡೆ

ಹೋಗಿ ಬನ್ನಿ, ಒಳ್ಳೆಯ ಅನುಭವ. ನಾನು ನ್ಯೂಜೆರ್ಸಿಯಲ್ಲಿ ಒಮ್ಮೆ ಕೂತಿದ್ದೇನೆ. ಪುಸ್ತಕ ತಗೊಂಡು ಹೋಗಿ, ಕಾಯುವುದೇ ಜಾಸ್ತಿ. ಕೊಡುವ ಭತ್ಯೆ ಮಧ್ಯಾಹ್ನದ ಊಟಕ್ಕೂ ಸಾಲದು.

ಆಯ್ಕೆಯಲ್ಲಿ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದಿದೆ. "ನಿಮ್ಮ ಮನೆಯವರು, ಹತ್ತಿರದ ಸ್ನೇಹಿತರು ಯಾರಾದರೂ ಯಾವತ್ತಾದರೂ ಅರೆಸ್ಟ್ ಆಗಿದ್ದಾರಾ?" ನಾನು ಯೋಚನೆಯನ್ನೇ ಮಾಡದೆ ಇಲ್ಲ ಅಂದೆ. ಪಕ್ಕದಲ್ಲಿದ್ದ ಕಪ್ಪು ಹೆಂಗಸು, ನಮ್ಮಮ್ಮನ ವಯಸ್ಸಿನವರು, ತಮ್ಮ ಅಣ್ಣನ ಮಗನ ವಿಷಯ ಹೇಳಿದರು. ತುಂಬಾ ಹಳೆಯದು, ಕೇಸು ಬಿದ್ದುಹೋಗಿತ್ತು. ಸ್ವಲ್ಪ ಹೊತ್ತಿಗೆ ಅವರನ್ನು ಕಳಿಸಿಬಿಟ್ಟರು. ಯಾಕೆ ಅಂತ ಯಾರೂ ಹೇಳಲಿಲ್ಲ.

ಸಾಕ್ಷಿ ಮುಖ್ಯ

1912 ಅಂದರೆ ನೂರು ವರ್ಷದ ಮೇಲಾಯಿತು ಸ್ವಾಮಿ. ಈಗ ಡಿಎನ್‌ಎ ಇದೆ, ಪೊಲೀಸರ ಎದೆಯ ಮೇಲೆ ಕ್ಯಾಮೆರಾ ಇದೆ, ಅಪೀಲು ಇದೆ. ತಪ್ಪು ಮಾಡಿದವರು ಒಳಗೆ ಹೋಗುತ್ತಾರೆ. ಎಲ್ಲದಕ್ಕೂ ಬಣ್ಣ ಬಳಿಯುವುದು ಈಗಿನ ಫ್ಯಾಷನ್ ಆಗಿದೆ. ಹೊಳೆದಂಡೆ ಮೇಡಂ, ಮನೆಯವರು ಅರೆಸ್ಟ್ ಆಗಿದ್ದರೆ ಪೊಲೀಸರ ಮೇಲೆ ಸಿಟ್ಟು ಇರುತ್ತದೆ, ಹಾಗಾಗಿ ಕೈಬಿಟ್ಟರು. ಇದರಲ್ಲಿ ಬಣ್ಣ ಎಲ್ಲಿ ಬಂತು?

ಧಾರವಾಡ ಫೇಡಾ

ನಾನು ಓದಿದ್ದು ಧಾರವಾಡದಲ್ಲಿ ಕಾನೂನು, ಈಗ ಅಟ್ಲಾಂಟಾದ ಒಂದು ವಕೀಲರ ಆಫೀಸಿನಲ್ಲಿ ಫೈಲು ಓದುವ ಕೆಲಸ. ಇಲ್ಲಿಯ ವಕೀಲೆ ಅಲ್ಲ, ಹಾಗಾಗಿ ಇದನ್ನು ಸಲಹೆ ಅಂತ ತಗೋಬೇಡಿ.

ಕಮಿಂಗ್ ಸರ್, ಜ್ಯೂರರನ್ನು ಕೈಬಿಡಲು ಎರಡು ದಾರಿ. ಒಂದು, ಕಾರಣ ಕೊಟ್ಟು: ಆರೋಪಿ ನನ್ನ ಭಾವ, ನಾನು ನಿಷ್ಪಕ್ಷವಾಗಿರಲಾರೆ, ಇಂಥದ್ದು. ಅದನ್ನು ಜಡ್ಜ್ ಒಪ್ಪಬೇಕು. ಇನ್ನೊಂದು, ಕಾರಣವನ್ನೇ ಹೇಳದೆ. ಇದಕ್ಕೆ ಪೆರೆಂಪ್ಟರಿ ಸ್ಟ್ರೈಕ್ ಅನ್ನುತ್ತಾರೆ. ಎರಡೂ ಕಡೆಯ ವಕೀಲರಿಗೆ ಇಂತಿಷ್ಟು ಅಂತ ಇರುತ್ತದೆ. ಬಣ್ಣದ ಆಟ ನಡೆಯುವುದು ಈ ಎರಡನೆಯದರಲ್ಲಿ.

1880ರಲ್ಲೇ ಸುಪ್ರೀಂ ಕೋರ್ಟು ಜ್ಯೂರಿಯಲ್ಲಿ ಬಿಳಿಯರು ಮಾತ್ರ ಇರಬೇಕು ಎಂಬ ವೆಸ್ಟ್ ವರ್ಜೀನಿಯಾದ ಕಾನೂನನ್ನು ಹೊಡೆದುಹಾಕಿತು. ಕಾನೂನು ಹೋಯಿತು, ಜ್ಯೂರಿ ಬದಲಾಗಲಿಲ್ಲ. ಕಪ್ಪು ಜನರನ್ನು ಪಟ್ಟಿಯಲ್ಲಿ ಸೇರಿಸಿ, ಆಮೇಲೆ ಸ್ಟ್ರೈಕ್ ಹಾಕಿ ಕಳಿಸುವುದು ರೂಢಿಯಾಯಿತು. 1986ರಲ್ಲಿ ಬ್ಯಾಟ್ಸನ್ ಕೇಸು ಬಂತು. ಕೆಂಟಕಿಯಲ್ಲಿ ಒಂದು ಕಳ್ಳತನದ ಕೇಸಿನಲ್ಲಿ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಕೀಲ, ನಾಲ್ಕಕ್ಕೆ ನಾಲ್ಕೂ ಕಪ್ಪು ಜ್ಯೂರರನ್ನು ತೆಗೆದುಹಾಕಿದ್ದ. ಬಣ್ಣ ನೋಡಿ ತೆಗೆಯುವಂತಿಲ್ಲ, ಅನುಮಾನ ಬಂದರೆ ವಕೀಲ ಬೇರೆ ಕಾರಣ ಕೊಡಬೇಕು ಅಂತ ಕೋರ್ಟು ಹೇಳಿತು. ಕಾರಣ ತಾನೇ? ಕೊಟ್ಟರು. ಕಣ್ಣಿಗೆ ಕಣ್ಣಿಟ್ಟು ನೋಡಲಿಲ್ಲ, ವಯಸ್ಸು ಕಡಿಮೆ, ಕೈ ಕಟ್ಟಿ ಕೂತಿದ್ದರು. ಸ್ಟ್ರೈಕ್ ಪದ್ಧತಿಯನ್ನೇ ತೆಗೆಯದೆ ಇದು ನಿಲ್ಲುವುದಿಲ್ಲ ಅಂತ ಜಸ್ಟಿಸ್ ತರ್ಗುಡ್ ಮಾರ್ಷಲ್ ಅದೇ ತೀರ್ಪಿನಲ್ಲಿ ಬರೆದಿದ್ದರು.

ನಮ್ಮ ಜಾರ್ಜಿಯಾದ್ದೇ ಉದಾಹರಣೆ ಕೇಳಿ. ಕಮಿಂಗ್‌ನಿಂದ ಪಶ್ಚಿಮಕ್ಕೆ ಹೋದರೆ ರೋಮ್ ಅಂತ ಊರು. ಅಲ್ಲಿ 1987ರಲ್ಲಿ ಟಿಮೊಥಿ ಫಾಸ್ಟರ್ ಎಂಬ ಕಪ್ಪು ಹುಡುಗನಿಗೆ ಪೂರ್ತಿ ಬಿಳಿಯರ ಜ್ಯೂರಿ ಗಲ್ಲು ಕೊಟ್ಟಿತು. ಉಳಿದಿದ್ದ ನಾಲ್ಕೂ ಕಪ್ಪು ಜ್ಯೂರರ ಮೇಲೆ ಸ್ಟ್ರೈಕ್ ಬಿದ್ದಿತ್ತು. 2006ರಲ್ಲಿ ಸರ್ಕಾರಿ ದಾಖಲೆ ಕೇಳುವ ಕಾನೂನಿನಡಿ ಪ್ರಾಸಿಕ್ಯೂಟರ್ ಆಫೀಸಿನ ಫೈಲು ಹೊರಗೆ ಬಂತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರಿಗೆಲ್ಲ ಹಸಿರು ಬಣ್ಣ ಹಚ್ಚಿ ಪಕ್ಕದಲ್ಲಿ 'ಬಿ' ಅಂತ ಬರೆದಿದ್ದರು. ಖಂಡಿತ ಬೇಡ ಎಂಬ ಇನ್ನೊಂದು ಪಟ್ಟಿಯಲ್ಲಿ ಮೊದಲ ಐದು ಹೆಸರು ಅವರದ್ದೇ. 34 ವರ್ಷದ ಒಬ್ಬ ಹೆಂಗಸನ್ನು ತೆಗೆದದ್ದಕ್ಕೆ ಕೊಟ್ಟ ಒಂದು ಕಾರಣ, ಆಕೆಯ ವಯಸ್ಸು ಆರೋಪಿಯ ವಯಸ್ಸಿಗೆ ಹತ್ತಿರ ಅಂತ. ಆರೋಪಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ! ಆಕೆಗಿಂತ ಚಿಕ್ಕ ಬಿಳಿಯರು ಜ್ಯೂರಿಯಲ್ಲಿ ಉಳಿದರು. 2016ರಲ್ಲಿ ಸುಪ್ರೀಂ ಕೋರ್ಟು 7-1ರಲ್ಲಿ ಆ ತೀರ್ಪನ್ನು ರದ್ದು ಮಾಡಿತು.

ಗಮನಿಸಿ, ಆ ಫೈಲು ಹೊರಗೆ ಬರದಿದ್ದರೆ ವಯಸ್ಸಿನ ಕಾರಣವೇ ಸರಿ ಅಂತ ಆಗಿಹೋಗುತ್ತಿತ್ತು. ಹಿಂದಿನ ಎಲ್ಲ ಕೋರ್ಟುಗಳೂ ಅದನ್ನು ಒಪ್ಪಿದ್ದವು.

ಸಾಕ್ಷಿ ಮುಖ್ಯ

ಫಾಸ್ಟರ್ ಕೊಲೆ ಮಾಡಿದ್ದೇನೆ ಅಂತ ಒಪ್ಪಿಕೊಂಡಿದ್ದನಲ್ಲ ಮೇಡಂ. ಅಮಾಯಕನಿಗೆ ಶಿಕ್ಷೆ ಅಂತ ಹೇಳಿ ಅಪರಾಧಿಯ ಉದಾಹರಣೆ ಕೊಟ್ಟರೆ ಹೇಗೆ?

ಧಾರವಾಡ ಫೇಡಾ

ಸರಿಯಾದ ಮಾತು. ಅದು ಜ್ಯೂರಿ ಆಯ್ಕೆಯ ಕೇಸು, ಅಮಾಯಕನ ಕೇಸಲ್ಲ. ಹಾಗಾದರೆ ಕರ್ಟಿಸ್ ಫ್ಲವರ್ಸ್ ಕೇಸು ನೋಡೋಣ. ಅದರಲ್ಲಿ ಎರಡೂ ಇವೆ.

ಮಿಸಿಸಿಪ್ಪಿಯ ವಿನೋನಾ ಅನ್ನುವ ಸಣ್ಣ ಊರು. 1996ರ ಜುಲೈನಲ್ಲಿ ಒಂದು ಫರ್ನಿಚರ್ ಅಂಗಡಿಯಲ್ಲಿ ನಾಲ್ಕು ಜನರ ಕೊಲೆಯಾಯಿತು. ಅಲ್ಲಿ ಕೆಲವೇ ದಿನ ಕೆಲಸ ಮಾಡಿದ್ದ ಫ್ಲವರ್ಸ್‌ನನ್ನು ಹಿಡಿದರು. ಹಿಂದೆ ಯಾವ ಅಪರಾಧದ ದಾಖಲೆಯೂ ಅವನ ಮೇಲಿರಲಿಲ್ಲ. ಡಗ್ ಇವಾನ್ಸ್ ಎಂಬ ಒಬ್ಬನೇ ಪ್ರಾಸಿಕ್ಯೂಟರ್ ಅವನ ಮೇಲೆ ಆರು ಸಲ ವಿಚಾರಣೆ ನಡೆಸಿದ. ಮೊದಲ ಮೂರು ಸಲವೂ ಗಲ್ಲು ಶಿಕ್ಷೆ, ಮೂರನ್ನೂ ರಾಜ್ಯದ ಸುಪ್ರೀಂ ಕೋರ್ಟೇ ರದ್ದು ಮಾಡಿತು. ಎರಡು ಪ್ರಾಸಿಕ್ಯೂಟರ್ ನಡತೆಗಾಗಿ, ಮೂರನೆಯದು ಜ್ಯೂರಿಯಿಂದ ಕಪ್ಪು ಜನರನ್ನು ತೆಗೆದದ್ದಕ್ಕಾಗಿ. ನಾಲ್ಕು, ಐದರಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆರನೆಯದು 2010ರಲ್ಲಿ, ಮತ್ತೆ ಗಲ್ಲು.

ಆರೂ ವಿಚಾರಣೆಯಲ್ಲಿ ಸ್ಟ್ರೈಕ್ ಹಾಕಬಹುದಾಗಿದ್ದ ಕಪ್ಪು ಜ್ಯೂರರು 42. ಅದರಲ್ಲಿ 41 ಜನರನ್ನು ತೆಗೆದಿದ್ದರು. ಕೊನೆಯ ವಿಚಾರಣೆಯಲ್ಲಿ, ತೆಗೆದುಹಾಕಿದ ಐದು ಕಪ್ಪು ಜ್ಯೂರರಿಗೆ ಕೇಳಿದ ಪ್ರಶ್ನೆಗಳು 145. ಕೂತ ಹನ್ನೊಂದು ಬಿಳಿಯ ಜ್ಯೂರರಿಗೆ ಎಲ್ಲ ಸೇರಿ 12. ಒಬ್ಬರನ್ನು ಕೆದಕಿ ಕೆದಕಿ ಕೇಳಿದರೆ ಏನಾದರೂ ಒಂದು ಕಾರಣ ಸಿಗುತ್ತದೆ. ಕೇಳದೇ ಇದ್ದವರಲ್ಲಿ ಏನೂ ಸಿಗುವುದಿಲ್ಲ. ಸಾಕ್ಷಿ ಸರ್, ಹೊಳೆದಂಡೆಯವರ ಪಕ್ಕದಲ್ಲಿದ್ದ ಹೆಂಗಸಿನ ವಿಷಯದಲ್ಲಿ ಬಣ್ಣ ಎಲ್ಲಿ ಬಂತು ಅಂದಿರಲ್ಲ, ಇದೇ ನನ್ನ ಉತ್ತರ.

2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 7-2ರಲ್ಲಿ ತೀರ್ಪು ರದ್ದು ಮಾಡಿತು. ಬರೆದವರು ಜಸ್ಟಿಸ್ ಕ್ಯಾವನಾ, ಅವರನ್ನು ಯಾರೂ ಎಡಪಂಥೀಯ ಅನ್ನುವುದಿಲ್ಲ. ಅಷ್ಟರಲ್ಲಿ ಪತ್ರಕರ್ತರ ಒಂದು ತಂಡ ಊರಲ್ಲೇ ಬೀಡುಬಿಟ್ಟು ಸಾಕ್ಷಿಗಳನ್ನೆಲ್ಲ ಮತ್ತೆ ಮಾತಾಡಿಸಿತ್ತು. ಫ್ಲವರ್ಸ್ ಜೈಲಿನಲ್ಲಿ ನನ್ನ ಬಳಿ ತಪ್ಪೊಪ್ಪಿಕೊಂಡ ಎಂದಿದ್ದ ಮುಖ್ಯ ಸಾಕ್ಷಿ, ನಾನು ಹೇಳಿದ್ದೆಲ್ಲ ಸುಳ್ಳು ಅಂದುಬಿಟ್ಟ. 2020ರ ಸೆಪ್ಟೆಂಬರಿನಲ್ಲಿ ಕೇಸು ಮುಗಿಯಿತು. ಬೇಲ್ ಸಿಗುವ ಹೊತ್ತಿಗೆ ಅವನು ಸುಮಾರು 23 ವರ್ಷ ಒಳಗಿದ್ದ.

ಸುಮ್ನೆ ಓದುಗ

ಆರು ಸಲ! ನಾನು ಮೂರು ಸಲ ಓದಿ ಖಾತ್ರಿ ಮಾಡಿಕೊಂಡೆ.

ರಾಲೇ ರಾಯರು

ಸಾಕ್ಷಿ ಮುಖ್ಯ ಅವರೇ, ನಿಮ್ಮ ಹೆಸರೇ ಸಾಕ್ಷಿ. ಅದರ ಮೇಲೆ ನಮ್ಮ ನಾರ್ತ್ ಕೆರೊಲೈನಾದ ಕೇಸು ಒಂದಿದೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ಅದಕ್ಕೇ ನನಗೆ ಜಾಸ್ತಿ ಭಯ.

1984, ಬರ್ಲಿಂಗ್ಟನ್ ಊರು. ಜೆನಿಫರ್ ಥಾಂಪ್ಸನ್ ಎಂಬ ಬಿಳಿಯ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವಾಯಿತು. ಆಕೆ ಎಷ್ಟು ಗಟ್ಟಿಗಿತ್ತಿ ಅಂದರೆ, ಬದುಕಿದರೆ ಇವನನ್ನು ಜೈಲಿಗೆ ಹಾಕಿಸುತ್ತೇನೆ ಅಂತ ಆ ಹೊತ್ತಿನಲ್ಲೇ ಅವನ ಮುಖವನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಫೋಟೋಗಳಲ್ಲಿ ರೊನಾಲ್ಡ್ ಕಾಟನ್ ಎಂಬ ಕಪ್ಪು ಯುವಕನನ್ನು ತೋರಿಸಿದಳು. ಆಮೇಲೆ ಸಾಲಾಗಿ ಜನರನ್ನು ನಿಲ್ಲಿಸಿದಾಗಲೂ ಅವನನ್ನೇ. ಫೋಟೋದಲ್ಲೂ ಸಾಲಿನಲ್ಲೂ ಇದ್ದವನು ಅವನೊಬ್ಬನೇ. ಕೋರ್ಟಿಗೆ ಬರುವ ಹೊತ್ತಿಗೆ ಆಕೆಗೆ ನೂರಕ್ಕೆ ನೂರು ಖಾತ್ರಿ. ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು 1987ರ ಮರುವಿಚಾರಣೆಯಲ್ಲಿ ಎದುರಿಗೇ ತಂದು ನಿಲ್ಲಿಸಿದರು. ಇವನನ್ನು ನಾನು ನೋಡೇ ಇಲ್ಲ ಅಂದಳು. 1995ರಲ್ಲಿ ಡಿಎನ್‌ಎ ಬಂದ ಮೇಲೆ ಕಾಟನ್ ಹೊರಗೆ ಬಂದ, ಹತ್ತು ವರ್ಷಕ್ಕೂ ಮೇಲೆ ಕಳೆದು. ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಇದರ ಬಗ್ಗೆ ಭಾಷಣ ಮಾಡಿದರು.

ಬೇರೆ ಜನಾಂಗದವರ ಮುಖ ಗುರುತಿಸುವಲ್ಲಿ ನಾವೆಲ್ಲರೂ ಜಾಸ್ತಿ ತಪ್ಪುತ್ತೇವೆ. ಇದನ್ನು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಡಿಎನ್‌ಎಯಿಂದ ಬಿಡುಗಡೆಯಾದವರಲ್ಲಿ ಮೂರರಲ್ಲಿ ಎರಡು ಪಾಲು ಕೇಸುಗಳಲ್ಲಿ ಇಂಥ ಕಣ್ಣಾರೆ ಕಂಡ ಸಾಕ್ಷಿ ತಪ್ಪಾಗಿತ್ತು. ನೀವು ನಂಬಿಕೊಂಡಿರುವ ಡಿಎನ್‌ಎ ಎಲ್ಲ ಕೇಸಿನಲ್ಲೂ ಇರುವುದಿಲ್ಲ. ಅಂಗಡಿ ದರೋಡೆಯಲ್ಲಿ ಎಲ್ಲಿಂದ ತರುತ್ತೀರಿ?

ಸಾಕ್ಷಿ ಮುಖ್ಯ

ರಾಯರೇ, ಇದು ಒಪ್ಪಬೇಕಾದ ಮಾತು. ಆದರೆ ಇದು ಮನುಷ್ಯನ ಕಣ್ಣಿನ ದೋಷ, ಜನಾಂಗ ದ್ವೇಷ ಅಲ್ಲ. ಇನ್ನೊಂದು, ಕೊಲೆ ಕೇಸುಗಳಲ್ಲಿ ಕಪ್ಪು ಆರೋಪಿಗಳು ಜಾಸ್ತಿ ಇದ್ದರೆ, ತಪ್ಪಾಗಿ ಸಿಕ್ಕಿಬೀಳುವವರಲ್ಲೂ ಅವರೇ ಜಾಸ್ತಿ ಇರುತ್ತಾರೆ. ಲೆಕ್ಕ ಅಷ್ಟೇ.

ಲೆಕ್ಕದ ಮೇಷ್ಟ್ರು

ಲೆಕ್ಕ ಅಂದಿರಿ, ಬಂದೆ.

ನ್ಯಾಷನಲ್ ರಿಜಿಸ್ಟ್ರಿ ಆಫ್ ಎಕ್ಸೋನರೇಷನ್ಸ್ ಅಂತ ಒಂದು ಸಂಗ್ರಹ ಇದೆ. 1989ರಿಂದ ಈಚೆಗೆ ಶಿಕ್ಷೆಯಾಗಿ ಆಮೇಲೆ ನಿರಪರಾಧಿ ಅಂತ ಬಿಡುಗಡೆಯಾದವರದ್ದು. 3,500 ದಾಟಿದೆ. ಅದರ 2022ರ ವರದಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನ 13.6 ಶೇಕಡಾ, ಈ ಪಟ್ಟಿಯಲ್ಲಿ 53. ತಪ್ಪಾಗಿ ಕೊಲೆ ಶಿಕ್ಷೆಯಾಗುವ ಸಂಭವ ಬಿಳಿಯರಿಗಿಂತ ಏಳು ಪಟ್ಟು.

ಕೊಲೆ ಪ್ರಮಾಣದಿಂದ ಇದರಲ್ಲಿ ಒಂದು ಭಾಗ ಬರುತ್ತದೆ, ನೀವು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ವರದಿಯೂ ಅದನ್ನೇ ಹೇಳುತ್ತದೆ. ಆದರೆ ಡ್ರಗ್ಸ್ ಕೇಸು ತಗೊಳ್ಳಿ. ಡ್ರಗ್ಸ್ ಬಳಸುವ ಪ್ರಮಾಣ ಕಪ್ಪು, ಬಿಳಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಅಲ್ಲಿ ತಪ್ಪು ಶಿಕ್ಷೆ 19 ಪಟ್ಟು. ಇದಕ್ಕೆ ಯಾವ ಲೆಕ್ಕ?

ಟೆಕ್ಸಸ್ಸಿನ ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ನಡೆದದ್ದು ನೋಡಿ. ರಸ್ತೆಯಲ್ಲಿ ಕಾರು ನಿಲ್ಲಿಸಿ, ಅಗ್ಗದ ಕಿಟ್‌ನಲ್ಲಿ ಪುಡಿ ಪರೀಕ್ಷೆ. ಬಣ್ಣ ಬದಲಾದರೆ ಅರೆಸ್ಟ್. ಜಾಮೀನಿಗೆ ದುಡ್ಡಿಲ್ಲ. ಒಪ್ಪಿಕೊಂಡರೆ ಬೇಗ ಮನೆಗೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಒಳಗೆ. ಜನ ಒಪ್ಪಿಕೊಂಡರು. ಎಷ್ಟೋ ದಿನದ ಮೇಲೆ ಲ್ಯಾಬ್ ವರದಿ ಬಂತು, ಅದು ಡ್ರಗ್ಸೇ ಅಲ್ಲ. ಹೀಗೆ ನೂರಕ್ಕೂ ಹೆಚ್ಚು ಶಿಕ್ಷೆಗಳನ್ನು ಅಲ್ಲಿ ರದ್ದು ಮಾಡಬೇಕಾಯಿತು. ಕೌಂಟಿಯಲ್ಲಿ ಕಪ್ಪು ಜನ ಐದರಲ್ಲಿ ಒಬ್ಬರು, ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ. ಇದು ಕಣ್ಣಿನ ದೋಷ ಅಲ್ಲ. ಯಾರ ಕಾರನ್ನು ನಿಲ್ಲಿಸುತ್ತಾರೆ ಅನ್ನುವುದರಿಂದಲೇ ಶುರುವಾಗುವ ವಿಷಯ.

ಈಗ ಕಮಿಂಗ್‌ನವರ ಮೂರನೇ ಪ್ರಶ್ನೆ, ನಮ್ಮಂಥವರು ಹೋಗಿ ಕೂತರೆ ವ್ಯತ್ಯಾಸ ಆಗುತ್ತದಾ ಅಂತ. ಫ್ಲಾರಿಡಾದ ಎರಡು ಕೌಂಟಿಗಳ ವಿಚಾರಣೆಗಳನ್ನು ಜೋಡಿಸಿ 2012ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಕರೆದ ಜನರಲ್ಲಿ ಒಬ್ಬರೂ ಕಪ್ಪು ಇಲ್ಲದಾಗ, ಕಪ್ಪು ಆರೋಪಿಗಳಿಗೆ 81 ಶೇಕಡಾ ಶಿಕ್ಷೆ, ಬಿಳಿಯರಿಗೆ 66. ಕರೆದವರಲ್ಲಿ ಒಬ್ಬರಾದರೂ ಕಪ್ಪು ಇದ್ದಾಗ 71 ಮತ್ತು 73. ಆ ಒಬ್ಬರು ಕೊನೆಗೆ ಜ್ಯೂರಿಯಲ್ಲಿ ಕೂರಬೇಕು ಅಂತಲೂ ಇಲ್ಲ, ಆಯ್ಕೆಯ ಸಾಲಿನಲ್ಲಿ ಇದ್ದರೂ ಫಲಿತಾಂಶ ಬದಲಾಗುತ್ತಿತ್ತು. ಒಬ್ಬ ಮನುಷ್ಯ!

ಹಂಟ್ಸ್‌ವಿಲ್ ಹರಟೆ

ಮೇಷ್ಟ್ರೇ, ಅದು ಕಪ್ಪು ಜ್ಯೂರರ ಲೆಕ್ಕ. ನಮ್ಮವರು ಕೂತರೂ ಹಾಗೇ ಆಗುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಕಟುವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನಮ್ಮ ಪಾಟ್‌ಲಕ್‌ಗಳಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ಊಟಗಳಲ್ಲಿ, ನಡೆಯುವ ಮಾತು ಎಲ್ಲರಿಗೂ ಗೊತ್ತು. "ಆ ಕಡೆ ಮನೆ ತಗೋಬೇಡ, ಅವರು ಜಾಸ್ತಿ." "ಗ್ಯಾಸ್ ಹಾಕಿಸುವಾಗ ಹುಷಾರು." ಈ ಮನಸ್ಸನ್ನು ಕೋರ್ಟಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಹೋಗುತ್ತೇವಾ?

ನಮ್ಮ ಊರಿನ ಪಕ್ಕ ಮ್ಯಾಡಿಸನ್. 2015ರ ಫೆಬ್ರವರಿಯಲ್ಲಿ ಗುಜರಾತಿನಿಂದ ಮಗನ ಮನೆಗೆ ಬಂದಿದ್ದ 57 ವರ್ಷದ ಅಜ್ಜ ಬೆಳಿಗ್ಗೆ ವಾಕಿಂಗ್ ಹೊರಟಿದ್ದರು. ಯಾರೋ ಪೊಲೀಸರಿಗೆ ಫೋನ್ ಮಾಡಿ, ಸಣಕಲು ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಅಂದರು. ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಅಧಿಕಾರಿ ನೆಲಕ್ಕೆ ಕೆಡವಿದ ರಭಸಕ್ಕೆ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿತು. ವಿಡಿಯೋ ಇತ್ತು. ಆದರೂ ಎರಡು ಜ್ಯೂರಿಗಳು ಒಮ್ಮತಕ್ಕೆ ಬರಲಿಲ್ಲ, 2016ರಲ್ಲಿ ಜಡ್ಜ್ ಅಧಿಕಾರಿಯನ್ನು ಖುಲಾಸೆ ಮಾಡಿದರು. ನಾವು ಯಾರ ಪಕ್ಕದಲ್ಲಿ ನಿಲ್ಲುವುದಿಲ್ಲ ಅನ್ನುತ್ತೇವೋ, ಫೋನ್ ಮಾಡಿದವರ ಕಣ್ಣಿಗೆ ನಾವು ಅವರೇ.

ಅಲಬಾಮಾದ್ದೇ ಇನ್ನೊಂದು. ವಾಲ್ಟರ್ ಮ್ಯಾಕ್ಮಿಲಿಯನ್, ಕಪ್ಪು ವರ್ಣದ ಮರ ಕಡಿಯುವ ಕೆಲಸಗಾರ. 1986ರಲ್ಲಿ ಮನ್ರೋವಿಲ್‌ನಲ್ಲಿ ಬಿಳಿಯ ಯುವತಿಯ ಕೊಲೆಯಾದ ಹೊತ್ತಿಗೆ ಆತ ಮನೆಯಲ್ಲೇ ಇದ್ದ. ಅಂಗಳದಲ್ಲಿ ಚರ್ಚಿನ ಸಲುವಾಗಿ ಮೀನು ಕರಿದು ಮಾರುತ್ತಿದ್ದರು, ನೋಡಿದವರು ಎಷ್ಟೋ ಜನ. ಬಂದು ಸಾಕ್ಷಿ ಹೇಳಿದರು. ಎಲ್ಲರೂ ಕಪ್ಪು ಜನ, ಅವರ ಮಾತು ತೂಗಲಿಲ್ಲ. ಒಬ್ಬ ಅಪರಾಧಿ ಪೊಲೀಸರ ಒತ್ತಡಕ್ಕೆ ಹೇಳಿದ ಸುಳ್ಳು ತೂಗಿತು. ವಿಚಾರಣೆ ಒಂದೂವರೆ ದಿನ. ಜ್ಯೂರಿ ಜೀವಾವಧಿ ಸಾಕು ಅಂದರೆ, ಜಡ್ಜ್ ಅದನ್ನು ಮೀರಿ ಗಲ್ಲು ಬರೆದ. ವಿಚಾರಣೆಗೂ ಮುಂಚೆಯೇ ಆತನನ್ನು ಗಲ್ಲಿನ ಕೈದಿಗಳ ಜೊತೆ ಇಟ್ಟಿದ್ದರು! ಬ್ರಯನ್ ಸ್ಟೀವನ್‌ಸನ್ ಎಂಬ ವಕೀಲರು ಹೋರಾಡಿ 1993ರಲ್ಲಿ ಬಿಡಿಸಿದರು. ಜಡ್ಜ್ ಹೀಗೆ ಜ್ಯೂರಿಯನ್ನು ಮೀರುವ ಅಧಿಕಾರ ಅಲಬಾಮಾದಲ್ಲಿ ಹೋಗಿದ್ದು 2017ರಲ್ಲಿ.

ಹೊಳೆದಂಡೆ

ಹರಟೆ ಅಣ್ಣಾ, ಪಾಟ್‌ಲಕ್ ಮಾತು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲೂ ನಡೆಯುತ್ತದೆ.

ಇನ್ನೊಂದು ಸೇರಿಸುತ್ತೇನೆ. 1923ರಲ್ಲಿ ಭಗತ್ ಸಿಂಗ್ ತಿಂದ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. 1946ರ ತನಕ ಹಾಗೇ ನಡೆಯಿತು. ಸಿಟಿಜನ್ ಅಲ್ಲದವರನ್ನು ಜ್ಯೂರಿಗೆ ಕರೆಯುವುದಿಲ್ಲ. ಈಗ ಕಾಗದ ಬಂದಾಗ ತಪ್ಪಿಸಿಕೊಳ್ಳುವ ಉಪಾಯ ಹುಡುಕುತ್ತೇವೆ, ನೋಡಿ.

ಮಡಿಕೇರಿ ಮಳೆ

ನಾನು ಅಮೆರಿಕದಲ್ಲಿ ಇಲ್ಲ, ಊರಲ್ಲೇ ಇದ್ದೇನೆ. ಓದುತ್ತಾ ಓದುತ್ತಾ ನಮ್ಮ ಕಡೆಯ ಕೇಸು ನೆನಪಾಯಿತು. ಕುಶಾಲನಗರದ ಹತ್ತಿರದ ಆದಿವಾಸಿ ಹಾಡಿಯ ಒಬ್ಬ ಬಡವ. ಹೆಂಡತಿ ಕಾಣೆಯಾಗಿದ್ದಾಳೆ ಅಂತ ದೂರು ಕೊಟ್ಟವನೇ ಅವನು. ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು, ಅದು ಅವಳದ್ದೇ ಅಂತ ಮಾಡಿ ಕೊಲೆ ಕೇಸು ಹಾಕಿದರು. ವರ್ಷಕ್ಕೂ ಮೀರಿ ಜೈಲಿನಲ್ಲಿ ಕೊಳೆತ. 2025ರ ಏಪ್ರಿಲ್‌ನಲ್ಲಿ ಅವನ ಸ್ನೇಹಿತರು ಮಡಿಕೇರಿಯ ಒಂದು ಹೋಟೆಲಿನಲ್ಲಿ ಹೆಂಡತಿಯನ್ನೇ ನೋಡಿದರು. ಜೀವಂತವಾಗಿ, ಊಟ ಮಾಡುತ್ತಾ! ಮೈಸೂರಿನ ಕೋರ್ಟು ಅವನನ್ನು ಖುಲಾಸೆ ಮಾಡಿತು. ಶಿಕ್ಷೆ ಆಗಿರಲಿಲ್ಲ, ವಿಚಾರಣೆ ನಡೆಯುತ್ತಿತ್ತು, ಅದೊಂದು ಪುಣ್ಯ.

ಶಿಕ್ಷೆಯೂ ಆದ ಕೇಸು ಬೇಕಾದರೆ ಮಹಾರಾಷ್ಟ್ರದ್ದು ಇದೆ. ಅಲೆಮಾರಿ ಸಮುದಾಯದ ಆರು ಜನರಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಖಾಯಂ ಮಾಡಿತ್ತು. 2019ರಲ್ಲಿ ಅದೇ ಕೋರ್ಟು ಆರೂ ಜನ ನಿರಪರಾಧಿಗಳು ಅಂದಿತು. ಘಟನೆ ಕಣ್ಣಾರೆ ಕಂಡ ಸಾಕ್ಷಿ, ಪೊಲೀಸರ ಫೋಟೋ ಆಲ್ಬಮ್‌ನಲ್ಲಿ ಬೇರೆಯೇ ನಾಲ್ಕು ಜನರನ್ನು ತೋರಿಸಿದ್ದರಂತೆ. ಅವರನ್ನು ಸರಿಯಾಗಿ ವಿಚಾರಿಸಲೇ ಇಲ್ಲ. ಹದಿನಾರು ವರ್ಷ ಹೋಯಿತು.

ನಿರ್ವಾಹಕ

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಜಾತಿ, ಮೀಸಲಾತಿ ವಾದ ಇಲ್ಲಿ ಶುರು ಮಾಡಬೇಡಿ, ಅದಕ್ಕೆ ಬೇರೆ ಎಳೆ ತೆರೆಯಿರಿ.

ಮಡಿಕೇರಿ ಮಳೆ

ಮೀಸಲಾತಿ ಮಾತು ನಾನು ಎತ್ತಲಿಲ್ಲ ಸ್ವಾಮಿ. ಬ್ರಿಟಿಷರು 1871ರಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. 1952ರಲ್ಲಿ ಕಾನೂನು ತೆಗೆದರೂ ಪೊಲೀಸ್ ಸ್ಟೇಷನ್‌ನಲ್ಲಿ ಆ ನೋಟ ಹೋಗಿಲ್ಲ. ಇಷ್ಟು ಹೇಳದೆ ಇಲ್ಲಿಯ ತಪ್ಪು ಶಿಕ್ಷೆಯ ಬಗ್ಗೆ ಮಾತಾಡುವುದಾದರೂ ಹೇಗೆ?

ಬ್ಯಾಟನ್ ರೂಜ್ ಬಸ್ಯಾ

ಲೂಸಿಯಾನಾದಿಂದ ಹಾಜರಿ. ಪಿಎಚ್‌ಡಿ ಮುಗಿಯುತ್ತಿಲ್ಲ, ಹಾಗಾಗಿ ಇಂಥದ್ದೆಲ್ಲ ಓದಲು ಟೈಮ್ ಇದೆ.

ನಮ್ಮಲ್ಲಿ ಇನ್ನೂ ಚಂದದ ಕೆಲಸ ಮಾಡಿದ್ದರು. 1898ರಲ್ಲಿ ರಾಜ್ಯದ ಸಂವಿಧಾನ ಬರೆಯಲು ಸಭೆ ಕೂಡಿತು. ಬಿಳಿಯರ ಹಿಡಿತ ಗಟ್ಟಿ ಮಾಡುವುದೇ ಉದ್ದೇಶ, ಅದನ್ನು ಮುಚ್ಚಿಟ್ಟೂ ಇರಲಿಲ್ಲ. ಜ್ಯೂರಿಯಿಂದ ಕಪ್ಪು ಜನರನ್ನು ಪೂರ್ತಿ ಹೊರಗಿಡಲು ಕೋರ್ಟು ಬಿಡುವುದಿಲ್ಲ. ಸರಿ, ಹನ್ನೆರಡರಲ್ಲಿ ಒಂಬತ್ತು ಜನ ಒಪ್ಪಿದರೆ ಸಾಕು ಅಂತ ಬರೆದರು. ಒಬ್ಬಿಬ್ಬರು ಕಪ್ಪು ಜನ ಕೂತರೂ ಅವರ ಮಾತು ಲೆಕ್ಕಕ್ಕಿಲ್ಲ. ಆಮೇಲೆ ಹತ್ತು ಅಂತ ಮಾಡಿದರು. ಇದು ತಮಾಷೆಯಲ್ಲ, 2018ರ ತನಕ ನಡೆಯಿತು. ಆ ವರ್ಷ ಜನ ಮತ ಹಾಕಿ ತೆಗೆದರು. 2020ರಲ್ಲಿ ರಾಮೋಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಕಡೆ ಒಮ್ಮತ ಬೇಕೇ ಬೇಕು ಅಂದಿತು. ಆದರೆ ಮಾರನೆಯ ವರ್ಷ ಇನ್ನೊಂದು ತೀರ್ಪು: ಅಪೀಲು ಮುಗಿದ ಹಳೆಯ ಕೇಸುಗಳಿಗೆ ಇದು ಅನ್ವಯ ಆಗುವುದಿಲ್ಲ. ಅಂಥ ಜ್ಯೂರಿಯಿಂದ ಒಳಗೆ ಹೋದ ಸುಮಾರು 1,500 ಜನ ಅಲ್ಲೇ ಉಳಿದರು. ಪದ್ಧತಿ ತಪ್ಪು, ಆದರೆ ನೀವು ಒಳಗೇ ಇರಿ.

ಸಾಕ್ಷಿ ಮುಖ್ಯ

ಲೂಸಿಯಾನಾದ ವಿಷಯ ನನಗೆ ಹೊಸದು. ಒಂಬತ್ತು ಜನ ಅನ್ನುವುದು ಯಾವ ನ್ಯಾಯ!

ಆದರೂ ಕೇಳುತ್ತೇನೆ, ಪರಿಹಾರ ಏನು? ಜ್ಯೂರಿಯಲ್ಲಿ ಕೋಟಾ ಇಡುತ್ತೀರಾ? ಸ್ಟ್ರೈಕ್ ತೆಗೆದರೆ ಡಿಫೆನ್ಸ್ ವಕೀಲರಿಗೂ ನಷ್ಟ ಅಲ್ವಾ? ಕಪ್ಪು ಆರೋಪಿಯ ವಕೀಲ ಜನಾಂಗ ದ್ವೇಷಿ ಜ್ಯೂರರನ್ನು ಕಳಿಸುವುದು ಅದೇ ಹಕ್ಕಿನಿಂದ.

ಧಾರವಾಡ ಫೇಡಾ

ಒಳ್ಳೆಯ ಪ್ರಶ್ನೆ. ಡಿಫೆನ್ಸ್ ವಕೀಲರಲ್ಲಿ ಎಷ್ಟೋ ಜನ ಇದೇ ಕಾರಣಕ್ಕೆ ಸ್ಟ್ರೈಕ್ ಇರಲಿ ಅನ್ನುತ್ತಾರೆ. ಕೋಟಾ ಯಾರೂ ಕೇಳುತ್ತಿಲ್ಲ.

ಇಂಗ್ಲೆಂಡ್ 1988ರಲ್ಲೇ ಕಾರಣ ಹೇಳದೆ ಕೈಬಿಡುವುದನ್ನು ತೆಗೆಯಿತು. ಕೆನಡಾ 2019ರಲ್ಲಿ, ಆರಿಜೋನಾ 2022ರಲ್ಲಿ. ಅಲ್ಲಿ ವಿಚಾರಣೆಗಳು ನಿಂತುಹೋಗಲಿಲ್ಲ. ನನಗೆ ಇಷ್ಟವಾದದ್ದು ವಾಷಿಂಗ್ಟನ್ ರಾಜ್ಯದ 2018ರ ನಿಯಮ. ವಕೀಲರ ಮನಸ್ಸಿನಲ್ಲಿ ದ್ವೇಷ ಇತ್ತು ಅಂತ ಸಾಬೀತು ಮಾಡಬೇಕಾಗಿಲ್ಲ. ಹೊರಗಿನಿಂದ ನೋಡುವವರಿಗೆ ಬಣ್ಣ ಒಂದು ಕಾರಣ ಇರಬಹುದು ಅನಿಸಿದರೆ ಸಾಕು, ಸ್ಟ್ರೈಕ್ ನಡೆಯುವುದಿಲ್ಲ. ಯಾವ ಕಾರಣಗಳನ್ನು ಮೊದಲಿಗೇ ಅನುಮಾನದಿಂದ ನೋಡಬೇಕು ಅಂತ ಪಟ್ಟಿಯನ್ನೇ ಕೊಟ್ಟಿದ್ದಾರೆ. ಪೊಲೀಸರ ಮೇಲೆ ನಂಬಿಕೆ ಇಲ್ಲ ಅನ್ನುವುದು, ಹತ್ತಿರದವರು ಅರೆಸ್ಟ್ ಆಗಿದ್ದಾರೆ ಅನ್ನುವುದು, ಅಪರಾಧ ಜಾಸ್ತಿ ಇರುವ ಏರಿಯಾದಲ್ಲಿ ಮನೆ, ಮಾತೃಭಾಷೆ ಇಂಗ್ಲಿಷ್ ಅಲ್ಲ ಅನ್ನುವುದು. ಕೊನೆಯದು ನಮ್ಮದೇ. ಜಾರ್ಜಿಯಾದಲ್ಲಿ ಇಂಥ ನಿಯಮ ಇಲ್ಲ.

ಕಮಿಂಗ್ ಕನ್ನಡಿಗ

ಎಲ್ಲರಿಗೂ ಧನ್ಯವಾದ. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಫೇಡಾ ಮೇಡಂ, ಇನ್ನೊಂದು ಕೇಳಬೇಕು. ಆಯ್ಕೆ ಆಯಿತು, ಬಾಗಿಲು ಹಾಕಿ ಹನ್ನೆರಡು ಜನ ಕೂತೆವು ಅಂದುಕೊಳ್ಳಿ. ಒಬ್ಬರು, ಇವರೆಲ್ಲ ಹೀಗೇ ಮಾಡೋದು ಅಂದುಬಿಟ್ಟರೆ? ಒಳಗಿನ ಮಾತು ಗುಟ್ಟು ಅಲ್ವಾ?

ಧಾರವಾಡ ಫೇಡಾ

ಗುಟ್ಟೇ. ಆದರೆ ಜಡ್ಜ್‌ಗೆ ಹೇಳಬಹುದು. ಕೊಲರಾಡೋದಲ್ಲಿ ಒಬ್ಬ ಜ್ಯೂರರ್, ಆರೋಪಿ ಮೆಕ್ಸಿಕನ್, ಮೆಕ್ಸಿಕನ್ ಗಂಡಸರು ಇಂಥದ್ದು ಮಾಡೇ ಮಾಡುತ್ತಾರೆ ಎಂಬ ಅರ್ಥದಲ್ಲಿ ಮಾತಾಡಿದ್ದ. ಜೊತೆಯ ಇಬ್ಬರು ಜ್ಯೂರರು ಆಮೇಲೆ ವಕೀಲರಿಗೆ ತಿಳಿಸಿದರು. ಜ್ಯೂರಿ ಕೋಣೆಯ ಮಾತನ್ನು ಕೆದಕಬಾರದು ಅನ್ನುವುದು ಶತಮಾನಗಳ ನಿಯಮ. 2017ರಲ್ಲಿ ಸುಪ್ರೀಂ ಕೋರ್ಟು 5-3ರಲ್ಲಿ, ಜನಾಂಗ ದ್ವೇಷದ ಮಾತಿಗೆ ಆ ನಿಯಮ ಅಡ್ಡ ಬರುವುದಿಲ್ಲ ಅಂದಿತು. ಆದರೆ ತೀರ್ಪು ಆದ ಮೇಲೆ ಹೇಳುವುದಕ್ಕಿಂತ ಆಗಲೇ ಚೀಟಿ ಬರೆದು ಜಡ್ಜ್‌ಗೆ ಕಳಿಸುವುದು ಒಳ್ಳೆಯದು. ಬಾಗಿಲ ಹೊರಗೆ ಇರುವ ಬೇಲಿಫ್ (ಕೋರ್ಟಿನ ಸಿಬ್ಬಂದಿ) ಕೈಯಲ್ಲಿ ಕೊಡಿ.

ಸುಮ್ನೆ ಓದುಗ

ಬಿಡುಗಡೆಯಾದವರಿಗೆ ಸರ್ಕಾರ ದುಡ್ಡು ಕೊಡುತ್ತದಾ? ಕೊಟ್ಟರೆ ಅದಕ್ಕೂ ಟ್ಯಾಕ್ಸ್ ಹಾಕುತ್ತಾರಾ?

ಲೆಕ್ಕದ ಮೇಷ್ಟ್ರು

ರಾಜ್ಯದಿಂದ ರಾಜ್ಯಕ್ಕೆ ಬೇರೆ. ಜಾರ್ಜಿಯಾದಲ್ಲಿ ಮೊದಲು ಒಬ್ಬೊಬ್ಬರಿಗೂ ಶಾಸನಸಭೆ ಬೇರೆ ಬೇರೆ ಠರಾವು ಪಾಸು ಮಾಡಬೇಕಿತ್ತು. ಶಾಸಕರ ಬಾಗಿಲು ಕಾಯಬೇಕು. 2025ರಲ್ಲಿ ಕಾನೂನು ಬಂತು, ಒಳಗಿದ್ದ ಪ್ರತಿ ವರ್ಷಕ್ಕೆ 75,000 ಡಾಲರ್, ಗಲ್ಲಿನ ಕೈದಿಯಾಗಿದ್ದರೆ ವರ್ಷಕ್ಕೆ ಇನ್ನೂ 25,000. ಫೆಡರಲ್ ಟ್ಯಾಕ್ಸ್ ಇಲ್ಲ, 2015ರಲ್ಲೇ ತೆಗೆದಿದ್ದಾರೆ.

ಮಡಿಕೇರಿ ಮಳೆ

ಇಲ್ಲಿ ಅಂಥ ಕಾನೂನೇ ಇಲ್ಲ. 2018ರಲ್ಲಿ ಲಾ ಕಮಿಷನ್ ವರದಿ ಕೊಟ್ಟು, ಮಾಡಿ ಅಂತ ಹೇಳಿತು. ಹಾಡಿಯ ಆ ಮನುಷ್ಯನಿಗೆ ಕೋರ್ಟು ಒಂದು ಲಕ್ಷ ಅಂತ ಹೇಳಿತು. ಮಹಾರಾಷ್ಟ್ರದ ಆರು ಜನಕ್ಕೆ ತಲಾ ಐದು ಲಕ್ಷ.

ಧಾರವಾಡ ಫೇಡಾ

ಮಿಸಿಸಿಪ್ಪಿಯಲ್ಲಿ ವರ್ಷಕ್ಕೆ 50,000 ಡಾಲರ್, ಹತ್ತು ವರ್ಷಕ್ಕೆ ಮಿತಿ. ಫ್ಲವರ್ಸ್‌ಗೆ ಸಿಕ್ಕಿದ್ದು 5 ಲಕ್ಷ ಡಾಲರ್, ಅದೂ ವರ್ಷಕ್ಕಿಷ್ಟು ಅಂತ ಕಂತಿನಲ್ಲಿ. ಇಪ್ಪತ್ತಮೂರು ವರ್ಷ ಒಳಗಿದ್ದರೂ ಲೆಕ್ಕ ಹತ್ತಕ್ಕೇ ನಿಲ್ಲುತ್ತದೆ.